ಹಸಿರು ಚೌಕ

“ಸಾಕು ಬಿಡಿ ಮೇಡಂ, ಸತ್ತ ಯಂತ್ರದ ನಾಡಿ ಹಿಡಿದು ಏನು ಬಂತು?” ಇನ್‌ಸ್ಪೆಕ್ಟರು ಕಾಗದ ಕತ್ತರಿಸುವ ಮೇಜಿಗೆ ಒರಗಿ ಆಕಳಿಸಿದರು. “ಕಟ್ಟಿ ಕೊಡಿ, ಸೀಲ್ ಹಾಕ್ತೀನಿ. ನಾಳೆ ಬೈಂಡರನ್ನ ಕೋರ್ಟಿಗೆ ಹಾಜರು ಮಾಡಬೇಕು.”

“ಸತ್ತಿದೆ ಅಂತ ಯಾರು ಹೇಳಿದ್ರು ಸಾಹೇಬ್ರೆ? ಉಸಿರಾಡ್ತಿದೆ. ಮಾತು ಮಾತ್ರ ನಿಂತಿದೆ.”

ಪತ್ತೇದಾರಮ್ಮ ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ. ಬೀದಿಯವರು ಅವಳಿಗಿಟ್ಟ ಹೆಸರೇ ಅದು. ಈ ಮುದ್ರಣಾಲಯದ ನೆತ್ತಿಯ ಮೇಲೇ ಅವಳ ಮನೆ. ಮಗಳು ಮೇಲೆ ಕುರ್ಚಿ ಎಳೆದರೆ ಇಲ್ಲಿ ಸೂರು ಗೊರಗುಟ್ಟುತ್ತದೆ. ಇಲ್ಲಿ ಯಂತ್ರ ತಿರುಗಿದರೆ ಅಲ್ಲಿ ಲೋಟಗಳು ಗಲಗಲ ಎನ್ನುತ್ತವೆ.

ಹೋದ ವಾರದಿಂದ ಲೋಟಗಳು ಸುಮ್ಮನಿವೆ. ಹಿಂದಿನ ಕೋಣೆಯಲ್ಲಿ ಜನರೇಟರಿನ ವಿಷಗಾಳಿ ತುಂಬಿ, ಪ್ರೆಸ್ಸಿನ ಯಜಮಾನ ಯಂತ್ರದ ಬುಡದಲ್ಲೇ ಬಿದ್ದಿದ್ದ. ಹೊಗೆ ಹೊರಹೋಗುವ ಕೊಳವೆಯ ಬಾಯಿಗೆ ಯಾರೋ ಬಟ್ಟೆ ತುರುಕಿದ್ದರು. ಬಟ್ಟೆ ಇಲ್ಲಿ ಪುಸ್ತಕ ಕಟ್ಟುವ ಬೈಂಡರನದು, ಅಂಟಿನ ಕಲೆಯೇ ಸಾಕ್ಷಿ. ಬೈಂಡರ್ ಇವತ್ತು ಬೆಳಿಗ್ಗೆಯಿಂದ ಲಾಕಪ್ಪಿನಲ್ಲಿದ್ದಾನೆ. ಯಜಮಾನ ಆಸ್ಪತ್ರೆಯಲ್ಲಿ, ಇನ್ನೂ ಕಣ್ಣು ತೆರೆದಿಲ್ಲ.

“ಬೈಂಡರ್ ಒಂದೇ ಮಾತು ಹೇಳ್ತಿದ್ದಾನೆ,” ಎಂದಳು ಪತ್ತೇದಾರಮ್ಮ. “ಜನರೇಟರ್ ಹಚ್ಚೋ ಮುಂಚೆ ಯಜಮಾನರು ಈ ಪರದೆ ತೋರಿಸಿದ್ರು, ಮೂಲೆಯ ಚೌಕ ಹಸಿರಾಗಿತ್ತು, ಆಮೇಲೇ ಹಚ್ಚಿ ಹೊರಗೆ ಹೋದೆ ಅಂತ.”

“ಹಸಿರಿದ್ದಿದ್ರೆ ಎಚ್ಚರಿಕೆ ಯಾಕೆ ಬರಲಿಲ್ಲ? ಅಲ್ಲಿಗೆ ಸುಳ್ಳು ಅಂತಾಯ್ತಲ್ಲ!”

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಯಜಮಾನನ ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಗಿಯಾಗಿ ಕೂತ ಹೆಂಗಸು. ಪತ್ತೇದಾರಮ್ಮನನ್ನು ಈ ಕೆಲಸಕ್ಕೆ ಕರೆದವಳೇ ಅವಳು.

“ಅಣ್ಣನಿಗೆ ಈ ಡಬ್ಬಿ ಮೇಲೆ ದೇವರಷ್ಟು ನಂಬಿಕೆ,” ಎಂದಳು. “ಅವತ್ತು ನಾನು ಮನೆಯಿಂದ ಹೊರಗೇ ಬಿದ್ದಿಲ್ಲ. ಫೋನ್ ಮುಂದೆ ಇಟ್ಕೊಂಡೇ ಇದ್ದೆ. ಒಂದು ಸದ್ದಾದ್ರೂ ಬಂದಿದ್ರೆ...”

ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಬ್ಬಿ ಎಂದದ್ದು ಈ ಹಳೆಯ ಲ್ಯಾಪ್‌ಟಾಪಿಗೆ. ಬೇರೆ ಯಾವುದನ್ನು ಹಾಕಿದರೂ ಏದುಸಿರು ಬಿಡುತ್ತಿದ್ದ ಇದಕ್ಕೆ ಯಜಮಾನ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿ ಮರುಜನ್ಮ ಕೊಟ್ಟಿದ್ದ. ಹಿಂದೊಮ್ಮೆ ಹೊಗೆಗೆ ತಲೆ ತಿರುಗಿ ಬಿದ್ದವನು ಅವನು. ಅಂದಿನಿಂದ ಹಿಂದಿನ ಕೋಣೆಯಲ್ಲಿ ಗಾಳಿ ಮೂಸುವ ಪುಟ್ಟ ಯಂತ್ರವಿಟ್ಟು, ಅದರ ತಂತಿಯನ್ನು ಈ ಕೌಂಟರಿನವರೆಗೂ ಎಳೆದಿದ್ದ. ಗಾಳಿ ಕೆಟ್ಟರೆ ಲ್ಯಾಪ್‌ಟಾಪು ವೈಫೈ ಮೂಲಕ ತಂಗಿಯ ಫೋನಿಗೂ ಬೈಂಡರನ ಫೋನಿಗೂ ಸಂದೇಶ ಕಳಿಸಬೇಕು. ದಾರಿ ಸರಿಯಿದ್ದರೆ ಪರದೆಯ ಮೂಲೆಯಲ್ಲಿ ಹಸಿರು ಚೌಕ, ಕೆಟ್ಟರೆ ಕೆಂಪು. ಚೌಕ ನೋಡದೆ ಜನರೇಟರಿಗೆ ಯಾರೂ ಕೈ ಹಚ್ಚಬಾರದು ಅನ್ನುವುದು ಅವನ ಕಟ್ಟುನಿಟ್ಟು.

ಈಗ ಚೌಕ ಕೆಂಪಗಿತ್ತು.

ಅವಳು ಬುಡದಿಂದಲೇ ಶುರು ಮಾಡಿದಳು. ಲ್ಯಾಪ್‌ಟಾಪಿನ ಪಕ್ಕದಲ್ಲಿ ವೈಫೈ ಮುಚ್ಚುವ ಪುಟ್ಟ ಗುಂಡಿಯಿತ್ತು. ಬೈಂಡರ್ ಅದನ್ನು ತಳ್ಳಿರಬಹುದು ಅನ್ನುವುದು ಪೊಲೀಸರ ಲೆಕ್ಕ. ಗುಂಡಿ ಇರಬೇಕಾದಲ್ಲೇ ಇತ್ತು. ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು ಕಮಾಂಡ್ ಬರೆದಳು. ಯಂತ್ರ ನಿಧಾನಕ್ಕೆ ಉತ್ತರಿಸಿತು: ಗುಂಡಿಯ ತಡೆ ಇಲ್ಲ, ಒಳಗಿನಿಂದಲೂ ತಡೆ ಇಲ್ಲ.

“ಏನಂತೆ?”

“ಬಾಯಿ ಯಾರೂ ಕಟ್ಟಿಲ್ಲ.”

“ಹಾಗಾದ್ರೆ ಒಳಗಿನ ಬಿಡಿಭಾಗ ಹೋಗಿರಬೇಕು.”

ಇನ್ನೊಂದು ಕಮಾಂಡ್. ವೈಫೈ ಕಾರ್ಡು ತನ್ನ ಹೆಸರು ಹೇಳಿಕೊಂಡು ಎದ್ದು ನಿಂತಿತು. ಅದನ್ನು ನಡೆಸುವ ಡ್ರೈವರೂ ಜಾಗದಲ್ಲೇ ಇತ್ತು. “ಕಿವಿ ಚೆನ್ನಾಗಿದೆ. ಡ್ರೈವರು ಕೆಲಸಕ್ಕೆ ಬಂದಿದಾನೆ.”

“ನನ್ನ ಜೀಪಿನ ಡ್ರೈವರಿಗಿಂತ ವಾಸಿ ಬಿಡಿ,” ಎಂದರು ಇನ್‌ಸ್ಪೆಕ್ಟರು. ಯಾರೂ ನಗಲಿಲ್ಲ. ಅವರು ಟೋಪಿ ಸರಿ ಮಾಡಿಕೊಂಡರು.

ಅವಳು ಸುತ್ತಲಿನ ವೈಫೈಗಳನ್ನು ಹುಡುಕಲು ಹೇಳಿದಳು. ಒಂದೊಂದೇ ಹೆಸರು ಬಂತು. ಎದುರಿನ ಔಷಧಿ ಅಂಗಡಿಯದು, ಮೂಲೆಯ ಕ್ಷೌರದಂಗಡಿಯದು. ಎಲ್ಲಕ್ಕಿಂತ ಮೇಲೆ, ಗಟ್ಟಿಯಾಗಿ, ಅವಳ ಮನೆಯದೇ.

ಅದನ್ನು ಯಜಮಾನ ಕೇಳಿ ಪಡೆದಿದ್ದ. “ಕರೆಂಟ್ ಹೋದ್ರೆ ನನ್ನ ರೂಟರೂ ಸಾಯುತ್ತೆ ತಾಯಿ. ಜನರೇಟರ್ ಹಚ್ಚೋದೇ ಆ ಹೊತ್ತಲ್ಲಿ. ನಿಮ್ಮದಾದ್ರೆ ಇನ್ವರ್ಟರ್ ಮೇಲಿದೆ. ನನ್ನ ಡಬ್ಬಿಗೊಂದು ದಾರಿ ಕೊಡ್ತೀರಾ?” ಇದೊಂದು ದೊಡ್ಡ ವಿಷಯವೇ ಅಂದು ಅವಳೇ ಕೆಳಗಿಳಿದು ಬಂದು ಪಾಸ್‌ವರ್ಡ್ ಒತ್ತಿಕೊಟ್ಟಿದ್ದಳು. ಅವನು ತನ್ನ ರೂಟರನ್ನೇ ತೆಗೆಸಿದ್ದ. ಆಮೇಲೆ ಅವಳಿಗೆ ಅದು ಮರೆತೇ ಹೋಗಿತ್ತು, ನೆರೆಮನೆಗೆ ಕೊಟ್ಟ ಬಟ್ಟಲಿನ ಹಾಗೆ.

ಹೆಸರಿನ ಮೇಲೆ ಒತ್ತಿದಳು. ಪುಟ್ಟ ಚೌಕಟ್ಟೊಂದು ಎದ್ದು ನಿಂತಿತು.

ಪಾಸ್‌ವರ್ಡ್?

ಅವಳ ಕೈ ಕೀಲಿಗಳ ಮೇಲೇ ನಿಂತಿತು.

ಯಜಮಾನ ಬಿದ್ದ ಹಿಂದಿನ ಸಂಜೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಹಾಸಿಗೆಯ ಮೇಲೆ ಮಗಳು ಪುಸ್ತಕದೊಳಗೆ ಫೋನ್ ಮುಚ್ಚಿಟ್ಟುಕೊಂಡು ನಗುತ್ತಿದ್ದಳು. ಪರೀಕ್ಷೆ ತಲೆ ಮೇಲಿತ್ತು. ಇವಳಿಗೆ ರೇಗಿ ಹೋಗಿ, ಸಾರಿನ ಸೌಟು ಹಿಡಿದುಕೊಂಡೇ ರೂಟರಿನ ಪಾಸ್‌ವರ್ಡ್ ಬದಲಾಯಿಸಿದ್ದಳು. “ಇನ್ನು ಪರೀಕ್ಷೆ ಮುಗಿಯೋವರೆಗೂ ನಿನ್ನ ಫೋನ್ ಬರೀ ಕನ್ನಡಿ!” ಎಂದು ಗೆದ್ದವಳಂತೆ ಸಾರು ಕದಡಲು ಹೋಗಿದ್ದಳು.

ಕೆಳಗೆ, ಆ ಗಳಿಗೆಯಲ್ಲೇ, ಚೌಕ ಕೆಂಪಾಗಿರಬೇಕು.

“ಯಾಕ್ರೀ ಮೇಡಂ, ಗೊಂಬೆ ಥರ ಕೂತ್ರಿ?”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಯೋಚನೆ ಬಂದೇ ಬಂತು. ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಬಿಟ್ಟರೆ ಸೀಲ್ ಹಾಕಿಕೊಂಡು ಹೋಗುತ್ತಾರೆ. ಬೈಂಡರ್ ಲಾಕಪ್ಪಿನಲ್ಲೇ ಉಳಿಯುತ್ತಾನೆ. ಮಗಳ ಹರಿದ ಪುಸ್ತಕಗಳಿಗೆಲ್ಲ ಕಾಸು ಕೇಳದೆ ರಟ್ಟು ಕಟ್ಟಿಕೊಟ್ಟ ಮನುಷ್ಯ, ಮಕ್ಕಳ ಬಾಯಲ್ಲಿ ಅಂಟು ಮಾಮ.

ಅವಳು ಹೊಸ ಪಾಸ್‌ವರ್ಡ್ ಒತ್ತಿದಳು.

ಚೌಕ ಹಸಿರಾಯಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ತಂಗಿಯ ಕೈಯಲ್ಲಿದ್ದ ಫೋನ್ ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಬಿಡುವಿಲ್ಲದೆ, ಒಂದರ ಮೈಮೇಲೊಂದು ಬಿದ್ದು. ಅಂದು ಹೊರಡಲಾರದೆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಕೂತಿದ್ದ ಸಂದೇಶಗಳೆಲ್ಲ ಬಾಗಿಲು ತೆರೆದ ಕೂಡಲೇ ನುಗ್ಗಿ ಓಡಿದ್ದವು.

ತಂಗಿ ಫೋನನ್ನು ಕಣ್ಣ ಹತ್ತಿರ ಹಿಡಿದಳು. ಎಲ್ಲ ಸಂದೇಶವೂ ಒಂದೇ. ಅವಳ ಅಣ್ಣ ಯಾವತ್ತೋ ತನ್ನ ಕೈಯಾರೆ ಬರೆದಿಟ್ಟ ಮಾತು.

“ಹಿಂದಿನ ಕೋಣೆಯಲ್ಲಿ ವಿಷಗಾಳಿ. ನನಗೆ ಫೋನ್ ಮಾಡು. ಎತ್ತದಿದ್ದರೆ ಓಡಿ ಬಾ.”

ಎತ್ತದಿದ್ದರೆ ಓಡಿ ಬಾ. ಎತ್ತದಿದ್ದರೆ ಓಡಿ ಬಾ. ಫೋನ್ ಅವಳ ಅಂಗೈಯಲ್ಲಿ ಸಿಕ್ಕಿಬಿದ್ದ ಹಕ್ಕಿಯಂತೆ ಒದರುತ್ತಲೇ ಇತ್ತು.

ಇನ್‌ಸ್ಪೆಕ್ಟರ ಜೇಬೂ ಬಡಿದುಕೊಂಡಿತು. ಠಾಣೆಯಿಂದ ಫೋನ್. “ಏನಯ್ಯಾ? ಬೈಂಡರನ ಫೋನಾ? ಬೀರುವಿನೊಳಗೆ ಕಿರುಚ್ತಾ ಇದೆಯಾ? ಕಿರುಚಲಿ ಬಿಡು, ಬೀರು ತೆಗೀಬೇಡ!” ಎಂದು ಇಟ್ಟು ಅವಳ ಕಡೆ ತಿರುಗಿದರು. ಈಗ ಅವರ ಮುಖದಲ್ಲಿ ನಿದ್ದೆ ಇರಲಿಲ್ಲ. “ಏನು ಮಾಡಿದ್ರಿ ಮೇಡಂ?”

“ಪಾಸ್‌ವರ್ಡ್ ಹಾಕಿದೆ.” ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. “ಇದು ನಮ್ಮ ಮನೆ ವೈಫೈ. ಹಿಂದಿನ ಸಂಜೆ ನಾನು ಪಾಸ್‌ವರ್ಡ್ ಬದಲಾಯಿಸಿದ್ದೆ. ಕೆಳಗೆ ಹೇಳೋದು ಮರೆತೆ.”

ತಂಗಿ ಎದ್ದು ನಿಂತಳು. ಸ್ಟೂಲು ಹಿಂದಕ್ಕೆ ಉರುಳಿತು.

“ನೀವಾ?”

“ಹೌದು.”

“ನೀವು ಕಳ್ಳರನ್ನ ಹುಡುಕೋರು ಅಂತ ನಾನು ನಿಮ್ಮ ಕೈ ಹಿಡಿದು ಅತ್ತೆನಲ್ರೀ! ಹುಡುಕಿಕೊಡಿ ಅಂತ ಬೇಡಿಕೊಂಡೆನಲ್ಲ! ಮಗಳು ನಾಲ್ಕು ಅಕ್ಷರ ಓದಲಿ ಅಂತ ನನ್ನ ಅಣ್ಣನ ಬಾಯಿ ಮುಚ್ಚಿದ್ರಾ?”

“ನಂದು ತಪ್ಪೇ.”

“ತಪ್ಪಂತೆ! ಹಾಲು ಉಕ್ಕಿಸಿದ ಹಾಗೆ ಹೇಳ್ತಾರೆ ನೋಡಿ. ಮೇಲೆ ನೀವು ಬಿಸಿ ಅನ್ನ ಉಣ್ತಿದ್ರಿ, ಕೆಳಗೆ ಅವನು ಉಸಿರಿಗೆ ಒದ್ದಾಡ್ತಿದ್ದ. ನಿಮ್ಮ ಕಾಲಡೀಲಿ!”

ಪತ್ತೇದಾರಮ್ಮ ತಲೆ ತಗ್ಗಿಸಿದಳು. ವರ್ಷಗಟ್ಟಲೆ ಬೇರೆಯವರನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿದವಳು. ಆ ಕಡೆಯ ಕುರ್ಚಿ ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರು ನಡುವೆ ಬಂದರು. “ಆಯ್ತಮ್ಮ, ಸಮಾಧಾನ ಮಾಡ್ಕೊಳ್ಳಿ. ವೈಫೈ ಹೋಗಿದ್ದು ಅಚಾತುರ್ಯ ಅಂತಾಯ್ತು. ಆದ್ರೂ ಬಟ್ಟೆ ತುರುಕಿದ್ದು ಬೈಂಡರೇ. ಹಸಿರು ಚೌಕ ನೋಡಿದೆ ಅಂತ ಬೇರೆ ಬೂಸಿ ಬಿಟ್ಟ. ಹಿಂದಿನ ಸಂಜೆಯಿಂದ ಕೆಂಪಗಿದ್ದದ್ದು ಹಸಿರಾಗಿ ಕಂಡದ್ದು ಹೇಗೆ? ಸಿಕ್ಕಿಬಿದ್ದ.”

“ನನಗೆ ಕೋರ್ಟು ಬೇಡ, ಕಚೇರಿ ಬೇಡ,” ತಂಗಿ ಮೂಗು ಒರೆಸಿಕೊಂಡಳು. “ಅಣ್ಣನ ಹತ್ತಿರ ಹೋಗ್ತೀನಿ. ಒಂದು ಉಪಕಾರ ಮಾಡಿ ಸಾರ್. ಅವನ ಕೋಣೆ ಬಾಗಿಲಲ್ಲಿ ಪೇದೆ ಕೂರಿಸಿದ್ದೀರಲ್ಲ, ತೆಗೀರಿ. ಕಳ್ಳನ ಹಾಗೆ ಕಾಯ್ತಿದ್ದಾರೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಾನಿರ್ತೀನಿ ಅವನ ಪಕ್ಕ.”

ಇನ್‌ಸ್ಪೆಕ್ಟರು ಗಲ್ಲ ಕೆರೆದುಕೊಂಡು ಪತ್ತೇದಾರಮ್ಮನ ಮುಖ ನೋಡಿದರು. ಪೇದೆಯನ್ನು ಹಾಕಿಸಿದ್ದವಳೇ ಅವಳು. ಬಟ್ಟೆ ತುರುಕಿದವರು ಮತ್ತೆ ಬಂದಾರೆಂದು ಹಟ ಹಿಡಿದು, ಠಾಣೆಯ ಮೆಟ್ಟಿಲ ಮೇಲೆ ಕೂತು ಹಾಕಿಸಿದ್ದು.

ಬೇರೆ ದಿನವಾಗಿದ್ದರೆ ಅವಳು ಆಗದು ಅನ್ನುತ್ತಿದ್ದಳು. ಆದರೆ ಆ ಫೋನ್ ಈಗಷ್ಟೇ ಸುಮ್ಮನಾಗಿತ್ತು. ಈ ಹೆಂಗಸಿಗೆ ಏನಾದರೂ ಕೊಡಬೇಕು ಅನ್ನಿಸಿತು. ಕೊಡಲು ಕೈಯಲ್ಲಿ ಬೇರೇನೂ ಇರಲಿಲ್ಲ.

“ಅವರು ಕೇಳ್ತಿರೋದು ನ್ಯಾಯ,” ಎಂದಳು. “ತೆಗೆಸಿ.”

ಜೀಪು ಹೊರಟಿತು. ತಂಗಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು, ಬರುವಾಗ ಲ್ಯಾಪ್‌ಟಾಪನ್ನು ಒಯ್ಯುತ್ತೇನೆಂದು ಇನ್‌ಸ್ಪೆಕ್ಟರು ಹೇಳಿಹೋದರು. ಪತ್ತೇದಾರಮ್ಮ ಉರುಳಿದ ಸ್ಟೂಲನ್ನು ಎತ್ತಿ ನಿಲ್ಲಿಸಿ ಅದರ ಮೇಲೇ ಕೂತಳು. ಇಳಿಬಿಸಿಲು ಕಿಟಕಿಯಿಂದ ಬಂದು ಅರ್ಧ ಮಡಿಸಿದ ಕಾಗದಗಳ ಮೇಲೆ ಬಿದ್ದಿತ್ತು. ಕೋಣೆಯಲ್ಲಿ ಇನ್ನೂ ಶಾಯಿಯ ವಾಸನೆ.

ಸೌಟು ಹಿಡಿದ ತನ್ನ ಕೈಯೇ ಕಣ್ಣ ಮುಂದೆ ಬಂತು. ಬದಲಾಯಿಸಿದ ಮೇಲೆ ಒಂದು ಸಲ, ಒಂದೇ ಸಲ ಕೆಳಗಿಳಿದಿದ್ದರೆ!

ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು.

ಚೌಕಟ್ಟು ಖಾಲಿ ಇತ್ತು.

ಪಾಸ್‌ವರ್ಡ್ ಕೇಳಿದ ಆ ಚೌಕಟ್ಟು. ಈ ಲ್ಯಾಪ್‌ಟಾಪಿಗೆ ಹಳೆಯ ಪಾಸ್‌ವರ್ಡ್ ನೆನಪಿತ್ತಲ್ಲ? ನೆನಪಿನಲ್ಲಿರುವುದು ತಪ್ಪಿದಾಗ ಅದು ಮತ್ತೆ ಕೇಳುತ್ತದೆ, ನಿಜ. ಆದರೆ ಹಳೆಯ ಪಾಸ್‌ವರ್ಡನ್ನು ಸಾಲು ಚುಕ್ಕಿಗಳಾಗಿ ಚೌಕಟ್ಟಿನಲ್ಲಿ ಇಟ್ಟುಕೊಂಡೇ ಕೇಳುತ್ತದೆ, ಇದು ಸರಿಯಿಲ್ಲ, ತಿದ್ದು ಅಂತ. ಅವಳ ಸ್ವಂತ ಲ್ಯಾಪ್‌ಟಾಪೂ ಇದೇ ಲಿನಕ್ಸಿನದು. ಅಂದು ರಾತ್ರಿ ಅದೂ ಹಾಗೇ ಚುಕ್ಕಿ ತೋರಿಸಿತ್ತು. ಇಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ತೊಳೆದಿಟ್ಟ ತಟ್ಟೆ.

ಈ ಲ್ಯಾಪ್‌ಟಾಪು ಅವಳ ಮನೆಯ ವೈಫೈಯನ್ನು ಹುಟ್ಟಿದಾಗಿನಿಂದ ನೋಡೇ ಇಲ್ಲವೆಂಬಂತೆ ಕೇಳಿತ್ತು.

ತಾನಾಗಿ ಮರೆಯುವ ಯಂತ್ರವಲ್ಲ ಅದು. ಯಾರೋ ಮರೆಸಿದ್ದರು.

ಅವಳು ಮತ್ತೆ ಕಪ್ಪು ಕಿಟಕಿ ತೆರೆದಳು. ವೈಫೈ ನೋಡಿಕೊಳ್ಳುವ ಭಾಗ ತಾನು ಮಾಡಿದ್ದನ್ನೆಲ್ಲ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಯಜಮಾನ ಬಿದ್ದ ದಿನಕ್ಕೆ ಹೋದಳು. ಸಾಲುಗಳು ಇರುವೆಗಳಂತೆ ಹರಿದವು.

ಹಿಂದಿನ ಸಂಜೆ: ಸಂಪರ್ಕ ತಪ್ಪಿದೆ. ಪಾಸ್‌ವರ್ಡ್ ಬೇಕು. ಬೆಳಿಗ್ಗೆ: ಪಾಸ್‌ವರ್ಡ್ ಬೇಕು. ಅಲ್ಲಿಯವರೆಗೆ ಅವಳ ಪಾಪವೇ, ಸಾಲು ಸಾಲಾಗಿ.

ಮಧ್ಯಾಹ್ನ ಊಟದ ಹೊತ್ತು: ಸಂಪರ್ಕ ಸಿಕ್ಕಿದೆ.

ಮತ್ತೆ ಓದಿದಳು. ಸಿಕ್ಕಿದೆ. ಹೊಸ ಪಾಸ್‌ವರ್ಡ್ ಹಾಕಿ ಯಾರೋ ಈ ಯಂತ್ರಕ್ಕೆ ಮಾತು ಮರಳಿಸಿದ್ದರು. ಬೈಂಡರ್ ಊಟಕ್ಕೆ ಹೋಗಿದ್ದಾಗ. ಅವನು ವಾಪಸು ಬಂದಾಗ ಚೌಕ ನಿಜಕ್ಕೂ ಹಸಿರಾಗಿತ್ತು. ಲಾಕಪ್ಪಿನಲ್ಲಿ ಕೂತ ಮನುಷ್ಯ ಕಂಡದ್ದನ್ನು ಕಂಡಂತೆ ಹೇಳಿದ್ದ.

ಕರೆಂಟ್ ಹೋದ ಮೇಲೆ ಇನ್ನೊಂದು ಸಾಲು: ಈ ವೈಫೈಯನ್ನು ಅಳಿಸಲಾಗಿದೆ. ಅಳಿಸಿದ್ದು ಈ ಕೀಲಿಗಳ ಮುಂದೆ ಕೂತವರೇ. ಲ್ಯಾಪ್‌ಟಾಪು ಗೋಡೆಗೆ ಮುಖ ಮಾಡಿ ಸಿಕ್ಕಿತ್ತೆಂದು ಪೊಲೀಸರು ಹೇಳಿದ್ದು ಈಗ ನೆನಪಾಯಿತು. ಕೆಂಪು ಚೌಕ ಯಾರಿಗೂ ಕಾಣದಿರಲಿ ಅಂತ.

ಕೆಂಪಗಿದ್ದರೆ ಯಜಮಾನ ಜನರೇಟರ್ ಹಚ್ಚಲು ಬಿಡುವವನಲ್ಲ. ಹಾಗಾಗಿ ಮೊದಲು ಹಸಿರು ಮಾಡಿ ತೋರಿಸಬೇಕು. ಅವನು ನಂಬಿ ಹಿಂದಿನ ಕೋಣೆಗೆ ಹೋದ ಮೇಲೆ ಅಳಿಸಬೇಕು.

ತಾನಲ್ಲ! ಎದೆಯ ಮೇಲಿನ ಕಲ್ಲು ಸರಿದು ಅವಳು ಬಾಯಿ ತುಂಬ ಉಸಿರೆಳೆದುಕೊಂಡಳು.

ಹೊಸ ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು? ಅವಳಿಗೆ. ಅವಳೊಬ್ಬಳಿಗೆ. ಎಲ್ಲೂ ಬರೆದಿಟ್ಟಿರಲಿಲ್ಲ.

ತಲೆಯ ಮೇಲೆ ಕುರ್ಚಿ ಗೊರಗುಟ್ಟಿತು.

ಅವಳು ಮೆಟ್ಟಿಲು ಹತ್ತಿ ಹೋದಾಗ ಮಗಳು ಪುಸ್ತಕದ ಮುಂದಿದ್ದಳು. ಅಮ್ಮನ ಮುಖ ನೋಡಿದ್ದೇ ಪೆನ್ನು ಕೆಳಗಿಟ್ಟಳು. ಬಾಯಿ ಮುಚ್ಚದ ಹುಡುಗಿ, ಮನೆಯಲ್ಲಿ ಅವಳ ಹೆಸರೇ ಚಿನಕುರಳಿ. ಈ ವಾರವಿಡೀ ಅವಳು ಮಾತಾಡಿರಲಿಲ್ಲ. ಪರೀಕ್ಷೆಯ ಭಯವೆಂದು ಅಮ್ಮ ಅಂದುಕೊಂಡಿದ್ದಳು. ಬೇರೆಯವರ ಮನೆಯ ಮೌನವನ್ನೆಲ್ಲ ಬಿಡಿಸುವ ಪತ್ತೇದಾರಮ್ಮ!

“ಚಿನಕುರಳಿ, ಬೈಯಲ್ಲ. ಒಂದು ಕೇಳ್ತೀನಿ. ವೈಫೈ ಪಾಸ್‌ವರ್ಡ್ ನಿನಗೆ ಗೊತ್ತಾ?”

ಮಗಳ ಕಣ್ಣು ತುಂಬಿತು. “ಅಮ್ಮಾ, ನೀನು ಪ್ರತಿ ಸಲ ಅಜ್ಜಿ ಹೆಸರೇ ಇಡ್ತೀಯ. ಈ ಸಲ ಹಿಂದುಮುಂದು ಮಾಡಿದ್ದೆ, ಅಷ್ಟೇ. ಸಾರು ಕುದಿಯೋಕೆ ಮುಂಚೆ ಸಿಕ್ತು.”

ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು. “ಯಾರಿಗಾದ್ರೂ ಕೊಟ್ಟೆಯಾ?”

ಮಗಳು ಪುಸ್ತಕ ಮುಚ್ಚಿದಳು.

“ಅಂಟು ಮಾಮ ಜೈಲಿಗೆ ಹೋಗ್ತಾರೆ ಕಣೇ. ಹೇಳು.”

“ಹೇಳಬೇಕು ಅಂತಾನೇ ಇದ್ದೆ! ಹೇಳಿದ್ರೆ ನಾನು ಪಾಸ್‌ವರ್ಡ್ ಕದ್ದಿದ್ದು ಗೊತ್ತಾಗುತ್ತಲ್ಲ. ಫೋನ್ ಕಿತ್ಕೋತೀಯ ಅಂತ...” ಹುಡುಗಿ ಬಿಕ್ಕಿದಳು. “ಅವತ್ತು ಸ್ಕೂಲಿಗೆ ರಜಾ ಇತ್ತು. ನೀನಿರಲಿಲ್ಲ. ಅವರು ಬಂದ್ರು. ಪ್ರೆಸ್ ಮಾಮನ ಡಬ್ಬಿಗೆ ನೆಟ್ ಇಲ್ಲ ಮಗಾ, ಪಾಸ್‌ವರ್ಡ್ ಹೇಳು ಅಂದ್ರು. ಅಮ್ಮ ನನ್ನ ಓದಿಗೆ ಅಂತ ಬದಲಾಯಿಸಿದಾಳೆ, ನಾನು ಹೇಳಿದೆ ಅಂತ ಹೇಳಬೇಡಿ ಅಂದೆ. ಕೆನ್ನೆ ಸವರಿ, ಯಾರಿಗೂ ಹೇಳಲ್ಲ, ನೀನೂ ಹೇಳಬೇಡ ಅಂದ್ರು.”

“ಯಾರು?”

ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಪಾಸ್‌ವರ್ಡ್ ಬದಲಾಯಿಸಿದೆ ಅಂತಷ್ಟೇ ಅವಳು ಸ್ವಲ್ಪ ಮುಂಚೆ ಪ್ರೆಸ್ಸಿನಲ್ಲಿ ಹೇಳಿದ್ದು. ಯಾಕೆ ಅಂತ ಹೇಳಿರಲಿಲ್ಲ. ಆದರೂ ಮಗಳ ಓದಿನ ಮಾತು ಬಂದಿತ್ತು, ಬೆಂಕಿಯ ಹಾಗೆ, ಒಂದು ಬಾಯಿಂದ.

“ಮಾಮನ ತಂಗಿ. ಪ್ರೆಸ್ ಅತ್ತೆ.”

ಪತ್ತೇದಾರಮ್ಮ ಫೋನ್ ತೆಗೆದಳು. ಇನ್‌ಸ್ಪೆಕ್ಟರ ದನಿ ಹಗುರಾಗಿತ್ತು, ಹಿಂದೆ ಜೀಪಿನ ಸದ್ದು.

“ಇದೋ ಬಂದೆ ಮೇಡಂ, ದಾರೀಲಿದ್ದೀನಿ. ಒಳ್ಳೆ ಸುದ್ದಿ ಇದೆ. ಯಜಮಾನರ ಬೆರಳು ಆಡ್ತಾ ಇದೆಯಂತೆ, ಇನ್ನೇನು ಎಚ್ಚರ ಆಗಬಹುದು ಅಂದ್ರು ಡಾಕ್ಟ್ರು. ಅದನ್ನ ಕೇಳಿ ಪಾಪ, ಆ ತಂಗಿ ನರ್ಸಮ್ಮನನ್ನೂ ಹೊರಗೆ ಕಳಿಸಿ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ಅಣ್ಣ ಕಣ್ಣು ಬಿಟ್ರೆ ಮೊದಲು ನನ್ನ ಮುಖಾನೇ ನೋಡಲಿ ಅಂತ.”

“ಪೇದೆ? ಬಾಗಿಲಲ್ಲಿ ಪೇದೆ ಇದ್ದಾನಾ?”

“ಅವನು ನನ್ನ ಜೀಪಲ್ಲೇ ಇದ್ದಾನೆ.” ಇನ್‌ಸ್ಪೆಕ್ಟರು ನಕ್ಕರು. “ಯಾಕ್ರೀ ಗಾಬರಿ? ತೆಗೆಸಿ ಅಂದೋರು ನೀವೇ ಅಲ್ವಾ?”